ಯಜಮಾನಿಕೆ, ವಾರದ ಬಾಡಿಗೆಗೆ

ಗ್ರೀಸಿನಲ್ಲಿ ಹಾಯಿದೋಣಿಯನ್ನು ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ಸಂಜೆ ಐದರ ಹೊತ್ತಿಗೆ ದೋಣಿ ಕೈಗೆ ಬರುತ್ತದೆ. ಮುಂದಿನ ಶುಕ್ರವಾರ ಸಂಜೆಯೊಳಗೆ ಹೊರಟ ಜಾಗಕ್ಕೇ ತಂದು ಕಟ್ಟಬೇಕು, ಶನಿವಾರ ಬೆಳಿಗ್ಗೆ ಗಂಟುಮೂಟೆ ಸಮೇತ ಇಳಿಯಬೇಕು. ಕಾಗದಪತ್ರದ ಪ್ರಕಾರ ಸಿಗುವುದು ನಲವತ್ತು ಅಡಿಯ ಫೈಬರ್ ದೋಣಿ, ಮೂರು ಮಲಗುವ ಕೋಣೆ, ಎರಡು ಶೌಚಾಲಯ, ಒಂದು ಎಂಜಿನ್ನು, ಎರಡು ಹಾಯಿ. ಕಾಗದದಲ್ಲಿ ಬರೆಯದ ಸರಕು ಇನ್ನೊಂದಿದೆ, ಜುಲೈ-ಆಗಸ್ಟ್ ತಿಂಗಳಲ್ಲಿ ಜನ ಸಾವಿರಾರು ಯೂರೋ ಸುರಿಯುವುದು ಅದಕ್ಕೇ: ಯಜಮಾನಿಕೆ. ಟೀವಿ ರಿಮೋಟು ಮಗನ ಕೈಲಿ, ವೈಫೈ ಪಾಸ್‌ವರ್ಡು ಮಗಳ ಕೈಲಿ, ಉಳಿದದ್ದೆಲ್ಲ ಹೆಂಡತಿಯ ಕೈಲಿ ಇರುವ ಮನೆಯ ಗಂಡಸಿಗೆ ಏಳು ದಿನದ ಮಟ್ಟಿಗೆ ಕ್ಯಾಪ್ಟನ್ ಎಂಬ ಬಿರುದು, ಹಿಡಿಯಲು ಚುಕ್ಕಾಣಿ, ಆಳಲು ಓಡಿಹೋಗಲಾಗದ ಪ್ರಜೆಗಳು, ಈ ಮೂರನ್ನೂ ಒಂದೇ ರಸೀದಿಯಲ್ಲಿ ಕೊಡುವ ವ್ಯಾಪಾರ ನೆಲದ ಮೇಲೆ ಎಲ್ಲೂ ಇಲ್ಲ. ನೀರಿನ ಮೇಲೆ ಮಾತ್ರ ಇದೆ.

ಬಹುಕಾಲ ಇದು ಇಂಗ್ಲಿಷರ, ಜರ್ಮನರ, ಫ್ರೆಂಚರ ಕಾಯಿಲೆಯಾಗಿತ್ತು. ಈಚೆಗೆ ಲಂಡನ್ನು, ಆಮ್‌ಸ್ಟರ್‌ಡ್ಯಾಮು, ಮ್ಯೂನಿಕ್ಕುಗಳಲ್ಲಿ ಮನೆ ಮಾಡಿದ ನಮ್ಮವರಿಗೂ ಅಂಟಿದೆ. ಹಾಗಾಗಿ ಲಂಡನ್ನಿನಲ್ಲಿರುವ ನಮ್ಮ ಕಡೆಯವರದೇ ಒಂದು ದೋಣಿ ಎಂದಿಟ್ಟುಕೊಳ್ಳೋಣ. ಅಪ್ಪ, ಅಮ್ಮ, ಹದಿನಾರರ ಮಗಳು, ಹನ್ನೊಂದರ ಮಗ. ಜತೆಗೆ ಮೈಸೂರಿನಿಂದ ಬಂದ ಅಜ್ಜಿ. ಅಜ್ಜಿಯ ಷೆಂಗೆನ್ ವೀಸಾಕ್ಕೆ 90 ಯೂರೋ ಕಟ್ಟಿ, ಪಿಂಚಣಿ ಖಾತೆಯ ಹಾಳೆ, ವಿಮೆ, ವಾಪಸು ಟಿಕೆಟು ಎಲ್ಲ ಲಗತ್ತಿಸಿ ಆಗಿದೆ. ಮೊಣಕಾಲು ನೋವಿನ ಎಪ್ಪತ್ತೆರಡರ ಹೆಂಗಸು ನಾಕ್ಸೋಸ್ ದ್ವೀಪದ ಆಲೂಗಡ್ಡೆ ಹೊಲದಲ್ಲಿ ತಲೆಮರೆಸಿಕೊಂಡು ಕೂಲಿಗೆ ನಿಲ್ಲುವುದಿಲ್ಲ ಎಂದು ಯುರೋಪಿಗೆ ಮನವರಿಕೆ ಆಗಬೇಕಲ್ಲ. ಅಜ್ಜಿಯ ತಾತನ ಕಾಲದಲ್ಲಿ ಸಮುದ್ರ ದಾಟಿ ಬಂದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದರು. ಈಗ ಆ ಕರ್ಮವೂ ಸಮುದ್ರದ ಮೇಲೆಯೇ ಮುಗಿಯುತ್ತದೆ, ಮುಂಗಡ ಕಟ್ಟಿದ್ದರೆ.

ದೋಣಿ ನಡೆಸಲು ಪರವಾನಗಿ ಬೇಕು. ಅಪ್ಪನ ಹತ್ತಿರ ಇದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮಳೆಗೆ ನೆನೆದು, ನಡುಗಿ, ಸಂಪಾದಿಸಿದ್ದು. ಗ್ರೀಕರು ಅಷ್ಟಕ್ಕೇ ಬಿಡುವುದಿಲ್ಲ, ಅನುಭವವಿರುವ ಇನ್ನೊಬ್ಬರು ದೋಣಿಯಲ್ಲಿರಬೇಕು ಎನ್ನುತ್ತಾರೆ. ಆ ಜಾಗದಲ್ಲಿ ಅಮ್ಮ ರುಜು ಹಾಕುತ್ತಾಳೆ. ಹದಿನೆಂಟು ವರ್ಷ ಈ ಮನುಷ್ಯನ ಜತೆ ಸಂಸಾರ ತೂಗಿಸಿದ್ದಾಳೆ, ಅದಕ್ಕಿಂತ ಅನುಭವ ಯಾವ ಬಂದರು ಅಧಿಕಾರಿಗೆ ಬೇಕು?

ಗ್ರೀಕರು ಮೊದಲೇ ಎಚ್ಚರಿಸಲಿಲ್ಲ ಎಂದು ಮಾತ್ರ ಯಾರೂ ದೂರುವಂತಿಲ್ಲ. ಅವರ ಪುರಾಣ ಬಿಡಿಸಿ ನೋಡಿ. ಅರ್ಧಕ್ಕರ್ಧ ಕುಟುಂಬಸಮೇತ ಜಲಯಾತ್ರೆಯ ದೂರುಪುಸ್ತಕ. ಈ ಕಡಲಿಗೆ ಏಜಿಯನ್ ಎಂಬ ಹೆಸರು ಬಂದದ್ದೇ ಒಬ್ಬ ಅಪ್ಪ ಅದಕ್ಕೆ ಹಾರಿಕೊಂಡದ್ದರಿಂದ ಎಂದು ಕಥೆ. ಆಥೆನ್ಸಿನ ದೊರೆ ಏಜಿಯಸ್. ಮಗ ಥೀಸಿಯಸ್ ಕ್ರೀಟ್ ದ್ವೀಪದ ರಾಕ್ಷಸನನ್ನು ಕೊಲ್ಲಲು ಹೊರಟಾಗ, ಬದುಕಿ ಬಂದರೆ ಕಪ್ಪು ಹಾಯಿ ಇಳಿಸಿ ಬಿಳಿಯದನ್ನು ಏರಿಸು ಎಂದು ಹೇಳಿ ಕಳಿಸಿದ್ದ. ರಾಕ್ಷಸ ಸತ್ತ, ಮಗ ಬದುಕಿದ, ಹಾಯಿ ಬದಲಿಸುವುದನ್ನು ಮರೆತ. ಕಪ್ಪು ಹಾಯಿ ಕಂಡ ಅಪ್ಪ ನೀರಿಗೆ ಹಾರಿದ. 'ತಲುಪಿದೆ' ಎಂದು ಒಂದು ಮೆಸೇಜು ಹಾಕದ ಮಕ್ಕಳ ಚರಿತ್ರೆ ಅಲ್ಲಿಂದ ಶುರು. ಇದೇ ಥೀಸಿಯಸ್ ದಾರಿಯಲ್ಲಿ, ತನ್ನ ಪ್ರಾಣ ಉಳಿಸಿದ ಅರಿಯಾಡ್ನೆಯನ್ನು ನಾಕ್ಸೋಸಿನಲ್ಲಿ ನಿದ್ದೆಯಲ್ಲೇ ಬಿಟ್ಟು ಹಡಗು ಹತ್ತಿದ್ದ. ಅಗಮೆಮ್ನನ್ನನದು ಇನ್ನೂ ಕೇಡಿನ ಪ್ರಕರಣ. ಟ್ರಾಯ್‌ಗೆ ಹೊರಟ ಹಡಗುಗಳು ಔಲಿಸ್ ಬಂದರಿನಲ್ಲಿ ಸಿಕ್ಕಿಬಿದ್ದವು. ಅನುಕೂಲದ ಗಾಳಿಗಾಗಿ, ಮದುವೆ ಮಾಡಿಸುತ್ತೇನೆ ಬಾ ಎಂದು ಸುಳ್ಳು ಹೇಳಿ ಕರೆಸಿ ಹೆತ್ತ ಮಗಳನ್ನೇ ಬಲಿಕೊಟ್ಟ. ಹತ್ತು ವರ್ಷದ ಮೇಲೆ ಮನೆಗೆ ಬಂದು ಸ್ನಾನಕ್ಕಿಳಿದವನನ್ನು ಹೆಂಡತಿ ಅಲ್ಲೇ ಮುಗಿಸಿದಳು. ಇಷ್ಟೆಲ್ಲ ದಾಖಲೆ ಇದ್ದೂ, ಅದೇ ನೀರಿನಲ್ಲಿ ಅಪ್ಪಂದಿರ ಕೈಗೆ ಹಾಯಿ ಕೊಡುವ ಕಂಪನಿಗಳು ಒಪ್ಪಂದಪತ್ರದಲ್ಲಿ ಈ ಬಗ್ಗೆ ಒಂದು ಕಲಮನ್ನೂ ಸೇರಿಸಿಲ್ಲ.

ಆಥೆನ್ಸಿನ ಅಂಚಿನ ಅಲಿಮೊಸ್ ಮರೀನಾದಲ್ಲಿ ಶನಿವಾರ ಸಂಜೆ ಪಟ್ಟಾಭಿಷೇಕ. ಗಟ್ಟಿ ಸೂಟ್‌ಕೇಸು ತರಬೇಡಿ, ದೋಣಿಯಲ್ಲಿ ಇಡಲು ಜಾಗವಿಲ್ಲ ಎಂದು ಕಂಪನಿಯವರು ಮೊದಲೇ ಬರೆದಿರುತ್ತಾರೆ. ಆದ್ದರಿಂದ ಎಲ್ಲರೂ ತಂದಿರುತ್ತಾರೆ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಗಳಲ್ಲಿ ನೀರಿನ ಬಾಟಲಿ, ಕಲ್ಲಂಗಡಿ, ಬ್ರೆಡ್ಡು. ಅಜ್ಜಿಯ ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ, ಒಣಶುಂಠಿ. ದೋಣಿಯನ್ನು ಒಪ್ಪಿಸುವ ಹುಡುಗ ಎಂಜಿನ್ನು, ಬ್ಯಾಟರಿ, ಲಂಗರಿನ ಗುಂಡಿ, ಅನಿಲದ ಸಿಲಿಂಡರು ಎಂದು ಒಂದು ಗಂಟೆ ಹೇಳುತ್ತಾನೆ. ಎಲ್ಲಕ್ಕೂ ಅಪ್ಪ ತಲೆಯಾಡಿಸುತ್ತಾನೆ. ಗಮನವಿಟ್ಟು ಕೇಳಿಸಿಕೊಂಡವಳು ಅಮ್ಮ. ಎರಡು-ಮೂರು ಸಾವಿರ ಯೂರೋ ಠೇವಣಿ ಕಾರ್ಡಿನಲ್ಲಿ ತಡೆಹಿಡಿದ ಮೇಲೆ ಹುಡುಗ ಕೆಳಗಿಳಿಯುತ್ತಾನೆ, ಆಳ್ವಿಕೆ ಶುರುವಾಗುತ್ತದೆ.

ಮೊದಲ ರಾಜಾಜ್ಞೆ ಭಾಷೆಯ ಮೇಲೆ. ಇನ್ನು ಎಡ-ಬಲ ಎನ್ನುವ ಹಾಗಿಲ್ಲ, ಪೋರ್ಟು-ಸ್ಟಾರ್‌ಬೋರ್ಡು. ಹಗ್ಗವನ್ನು ಹಗ್ಗ ಎಂದರೆ ಅಪರಾಧ. ಪ್ರತಿ ಹಗ್ಗಕ್ಕೂ ಒಂದೊಂದು ನಾಮಧೇಯವಿದೆ, ಎಳೆಯುವ ಮುನ್ನ ಸಹಸ್ರನಾಮ ಗೊತ್ತಿರಬೇಕು. ಮಗಳು ಇಯರ್‌ಫೋನು ತೆಗೆಯದೆಯೇ ಕೇಳಿಸಿಕೊಳ್ಳುತ್ತಾಳೆ. ಅಜ್ಜಿ ಮಾತ್ರ ಮೊದಲ ದಿನವೇ ಬಂಡಾಯ ಹೂಡಿ, ಹಗ್ಗವೊಂದಕ್ಕೆ ಒದ್ದೆ ಸೀರೆ ಒಣಹಾಕುತ್ತಾರೆ. ಆಮೇಲೆ ತಿಳಿಯುತ್ತದೆ, ಅದು ಮುಂದಿನ ಹಾಯಿಯನ್ನು ಬಿಚ್ಚುವ ಹಗ್ಗ. ಗ್ರೀಸಿನ ಬಂದರಿನಲ್ಲಿ ಇಳಕಲ್ ಸೀರೆಯಷ್ಟು ಸೊಗಸಾದ ಹಾಯಿ ಹಾರಿದ್ದು ಬಹುಶಃ ಅಂದೇ.

ಎರಡನೆಯ ರಾಜಾಜ್ಞೆ ಶೌಚಾಲಯಕ್ಕೆ ಸಂಬಂಧಿಸಿದ್ದು. ಬೀರುವಿನಷ್ಟು ಅಗಲದ ಕೋಣೆ. ಪಕ್ಕದಲ್ಲಿ ಕೈಪಂಪು, ಸಮುದ್ರದ ನೀರು ಒಳಗೆಳೆದು ಒತ್ತಬೇಕು. ನೀವು ಮೊದಲು ತಿಂದದ್ದಲ್ಲದೆ ಬೇರೇನೂ ಅದರೊಳಗೆ ಹೋಗಬಾರದು, ಕಾಗದವಂತೂ ಕೂಡದು. ಗ್ರೀಸಿನಲ್ಲಿ ನೆಲದ ಮೇಲೂ ಇದೇ ಪದ್ಧತಿ. ಕೊಳವೆಗಳು ಸಣ್ಣವು, ಕಾಗದಕ್ಕೆ ಪಕ್ಕದಲ್ಲಿ ಬುಟ್ಟಿ. ಕೈಗೊಂದು ನೀರಿನ ಕೊಳವೆ ಸಿಕ್ಕರೆ ಸಾಕೆನ್ನುವ ನಮ್ಮವರು ಇಲ್ಲಿ ಯುರೋಪನ್ನು ನಿರಾಯಾಸ ಸೋಲಿಸುತ್ತಾರೆ. ಸ್ನಾನದ ಹ್ಯಾಂಡ್‌ಶವರು ಆ ಬೀರುವಿನೊಳಗೇ ತೂಗುತ್ತಿರುತ್ತದೆ. ಗೆಲುವು ಎರಡು ದಿನದ್ದು. ಇಡೀ ದೋಣಿಯ ತೊಟ್ಟಿಯಲ್ಲಿರುವುದು ಮುನ್ನೂರು-ನಾನೂರು ಲೀಟರು ಸಿಹಿನೀರು, ಅಜ್ಜಿಯ ಎಣ್ಣೆಸ್ನಾನಕ್ಕೆ ಅದರಲ್ಲಿ ಕಾಲುಭಾಗ ಖರ್ಚು. ಮೂರನೆಯ ದಿನ ಮಗ ಯಾವುದೋ ಆಟಿಕೆಯ ಚೂರನ್ನು ಬೀಳಿಸಿ ಪಂಪು ಕಚ್ಚಿಕೊಂಡಾಗ, ಕ್ಯಾಪ್ಟನ್ನು ತೋಳು ಮಡಚಿ ಮಂಡಿಯೂರಬೇಕಾಗುತ್ತದೆ. ಇಂಗ್ಲಿಷರ ನೌಕಾಪತಿ ನೆಲ್ಸನ್ನನ ವಿಗ್ರಹ ಕೆತ್ತಿದವರು ಈ ಭಂಗಿಯನ್ನು ಕೈಬಿಟ್ಟಿದ್ದಾರೆ.

ಹಡಗನ್ನೂ ಹೊಟ್ಟೆಯನ್ನೂ ಒಟ್ಟಿಗೆ ಇಟ್ಟು ನಗುವುದು ಗ್ರೀಕರಿಗೆ ಹೊಸದಲ್ಲ, ನಮಗೂ ಅದರಲ್ಲೊಂದು ಹಳೆಯ ಪಾಲುಂಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. ಎರಡನೆಯ ಶತಮಾನದ್ದೆನ್ನುವ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಷನ್ ಎಂಬ ಹೆಣ್ಣನ್ನು ಬಿಡಿಸಿಕೊಂಡು ಹೋಗಲು ಗ್ರೀಕರು ಹಡಗಿನಲ್ಲಿ ಬರುತ್ತಾರೆ. ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅಲ್ಲಿನ ರಾಜನನ್ನೂ ಪರಿವಾರವನ್ನೂ ಮಲಗಿಸಿ ಪರಾರಿಯಾಗುತ್ತಾರೆ. ತಂಡದ ವಿದೂಷಕನ ಮುಖ್ಯ ಆಯುಧ ಅಪಾನವಾಯು. ಆ ರಾಜನ ಮಾತು ಹಳೆಯ ಕನ್ನಡವೇ ಎಂದು ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಮೊದಲಾದವರು ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ಕನ್ನಡವೇ ಆಗಿದ್ದರೆ, ಗ್ರೀಕ್ ರಂಗದಲ್ಲಿ ನಮ್ಮ ನುಡಿಗೆ ಸಿಕ್ಕ ಪಾತ್ರ ಕುಡಿದು ತೂರಾಡುವ ಯಜಮಾನನದು. ನಮ್ಮ ಕ್ಯಾಪ್ಟನ್ನು ಆ ವಂಶದವನೇ ಎಂಬುದಕ್ಕೆ ಸಂಜೆ ಊಜೋ ಬಾಟಲಿಯ ಮುಂದೆ ಕೂತಾಗ ಹೆಚ್ಚಿನ ಆಧಾರ ದೊರೆಯುತ್ತದೆ.

ಇನ್ನು ಗಾಳಿ. ಆಡಳಿತಕ್ಕೆ ಒಳಪಡದ ಏಕೈಕ ಇಲಾಖೆ ಇದು. ಬೇಸಿಗೆಯಲ್ಲಿ ಬಾಲ್ಕನ್ ಕಡೆ ವಾಯುಭಾರ ಏರಿ, ಟರ್ಕಿಯ ಕಾದ ನೆಲದ ಮೇಲೆ ಇಳಿದು, ಎರಡರ ನಡುವಿನ ಏಜಿಯನ್ನಿಗೆ ಉತ್ತರದಿಂದ ಒಣಗಾಳಿ ನುಗ್ಗುತ್ತದೆ. ಹೆಸರು ಮೆಲ್ಟೆಮಿ. ಜುಲೈ, ಆಗಸ್ಟಿನಲ್ಲಿ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಬೋಫರ್ಟ್ ಅಳತೆಯಲ್ಲಿ 5-6 ಮಾಮೂಲು. 7 ಮುಟ್ಟಿದರೆ ಗಂಟೆಗೆ 50ರಿಂದ 61 ಕಿಲೋಮೀಟರು. ನಮ್ಮ ಮುಂಗಾರಿಗೆ ಮರ್ಯಾದೆಯಿದೆ, ಮೋಡ ಕವಿಸಿ, ಗುಡುಗಿ, ಹೇಳಿ ಬರುತ್ತದೆ. ಇದು ಹಾಗಲ್ಲ. ಆಕಾಶ ಕ್ಯಾಲೆಂಡರಿನಲ್ಲಿದ್ದಷ್ಟೇ ನೀಲಿ, ಬಿಸಿಲು ಫಳಫಳ, ಕೆಳಗೆ ಊಟದ ತಟ್ಟೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಪ್ರವಾಸ ಹೊರಟಿರುತ್ತದೆ.

ಮಕ್ಕಳೂ ಮುದುಕರೂ ಇದ್ದರೆ ಪಶ್ಚಿಮದ ಅಯೋನಿಯನ್ ಕಡಲಿಗೆ ಹೋಗಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಲೆಫ್ಕಾದಾ, ಇಥಾಕಾ, ಕೆಫಲೋನಿಯಾ. ಬೆಳಿಗ್ಗೆ ನೀರು ಅಲುಗುವುದಿಲ್ಲ, ಮಧ್ಯಾಹ್ನ ಹಿತವಾದ ವಾಯವ್ಯದ ಗಾಳಿ. ಫ್ಲೋಟಿಲ್ಲಾ ಎಂಬ ವ್ಯವಸ್ಥೆಯೂ ಉಂಟು. ಹತ್ತು-ಹನ್ನೆರಡು ದೋಣಿಗಳ ಗುಂಪು, ಮುಂದೆ ಪಳಗಿದ ನಾಯಕನ ದೋಣಿ, ದಿನಾ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಇವತ್ತು ಎಲ್ಲಿಗೆ, ಹೇಗೆ ಎಂದು ಹೇಳುತ್ತಾನೆ. ಅಪ್ಪನಿಗೆ ಸುತರಾಂ ಒಪ್ಪಿಗೆಯಿಲ್ಲ. ಕ್ಯಾಪ್ಟನ್ನಿನ ಮೇಲೂ ಒಬ್ಬ ಕ್ಯಾಪ್ಟನ್ನು, ಬೆಳಿಗ್ಗೆ ಎದ್ದರೆ ಮೀಟಿಂಗು, ಅದಕ್ಕೆ ಆಫೀಸು ಇದೆಯಲ್ಲ. ದಿನದ ಸಂಬಳ, ಊಟ ಕೊಟ್ಟರೆ ದೋಣಿ ನಡೆಸಲು ಗ್ರೀಕ್ ಚಾಲಕನೇ ಬರುತ್ತಾನೆ. ಅದಂತೂ ಬೇಡವೇ ಬೇಡ. ಸಿಂಹಾಸನಕ್ಕೆ ಬಾಡಿಗೆ ಕಟ್ಟಿ, ಅದರ ಮೇಲೆ ಬೇರೆಯವನನ್ನು ಕೂರಿಸಲು ಯಾರಿಗೆ ಹುಚ್ಚು?

ಹೀಗೆ ಸೈಕ್ಲೇಡ್ಸ್ ದ್ವೀಪಗಳತ್ತ ದಂಡಯಾತ್ರೆ. ಯೋಜನೆ ಎಕ್ಸೆಲ್ ಹಾಳೆಯಲ್ಲಿ ಸಿದ್ಧ: ಮೈಕೊನೊಸ್, ಪಾರೋಸ್, ಸ್ಯಾಂಟೋರಿನಿ. ಆಥೆನ್ಸಿನಿಂದ ಸ್ಯಾಂಟೋರಿನಿಗೆ 200 ಕಿಲೋಮೀಟರಿಗೂ ಹೆಚ್ಚು; ಹಾಯಿದೋಣಿ ಗಂಟೆಗೆ ಹತ್ತು ಕಿಲೋಮೀಟರು ಹೋದರೆ ಅದೇ ಪುಣ್ಯ. ಹೋಗುವಾಗ ಉತ್ತರದ ಗಾಳಿ ಬೆನ್ನಿಗಿರುತ್ತದೆ, ಎಲ್ಲವೂ ತನ್ನ ಪ್ರತಾಪ ಅನ್ನಿಸುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಶುಕ್ರವಾರ ಸಂಜೆಯೊಳಗೆ ಹಿಂದಿರುಗಬೇಕು ಎಂಬ ಷರತ್ತು ಗಾಳಿಗೆ ಅನ್ವಯಿಸುವುದಿಲ್ಲ.

ಅಷ್ಟಕ್ಕೂ ಸ್ಯಾಂಟೋರಿನಿ ತಲುಪಿದರೆ ಏನು ಮಾಡುತ್ತೀರಿ? ಅದು ಜ್ವಾಲಾಮುಖಿ ಸಿಡಿದು ಕುಸಿದ ಬಾಣಲೆ. ಬೋಳುಗೋಡೆಯಂಥ ಕಡಿದಾದ ದಂಡೆ, ಕೆಳಗೆ ಮುನ್ನೂರು ಮೀಟರಿಗೂ ಮೀರಿದ ಆಳ. ನಿಮ್ಮ ಲಂಗರಿನ ಸರಪಳಿ ಐವತ್ತು-ಅರವತ್ತು ಮೀಟರು. ಎಲ್ಲರೂ ಹೋಗಬಯಸುವ ದ್ವೀಪದಲ್ಲಿ ಹಾಯಿದೋಣಿ ನಿಲ್ಲಿಸಲು ದಕ್ಷಿಣದ ವ್ಲಿಹಾದಾದ ಪುಟ್ಟ ಮರೀನಾ ಬಿಟ್ಟರೆ ನೆಮ್ಮದಿಯ ಜಾಗವೇ ಇಲ್ಲ. ದ್ವೀಪದ ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸು. 2024ರ ಜುಲೈಯ ಒಂದು ದಿನ 17,000 ಪ್ರವಾಸಿಗರು ಬರುವವರಿದ್ದಾರೆ, ಊರವರು ಓಡಾಟ ಕಡಿಮೆ ಮಾಡಿ ಎಂದು ಅಲ್ಲಿನ ಜನಪ್ರತಿನಿಧಿಯೊಬ್ಬರು ಫೇಸ್‌ಬುಕ್ಕಿನಲ್ಲಿ ಬರೆದು, ಊರವರಿಂದಲೇ ಉಗಿಸಿಕೊಂಡು ಅಳಿಸಿದರು. ಮರುವರ್ಷ ಭಾರೀ ಕ್ರೂಸ್ ಹಡಗುಗಳಲ್ಲಿ ಬಂದಿಳಿಯುವವರ ತಲೆಗೆ ಹಂಗಾಮಿನಲ್ಲಿ 20 ಯೂರೋ ಸುಂಕ ಬಿತ್ತು. ಹಳೆಯ ಬಂದರಿನಿಂದ ಮೇಲಿನ ಊರಿಗೆ ಮೆಟ್ಟಿಲುದಾರಿಯಲ್ಲಿ ಪ್ರವಾಸಿಗರನ್ನು ಹೊರುವ ಕತ್ತೆಗಳಿಗಾಗಿ 2018ರಲ್ಲಿ ನಿಯಮ ತಂದರು: ನೂರು ಕಿಲೋ ಮೀರಿದ ಭಾರ ಹೇರುವಂತಿಲ್ಲ. ಈ ಹೊರೆಮಿತಿಯನ್ನು ದೋಣಿಯಲ್ಲಿ ಅಡುಗೆ ಮಾಡಿ, ಪಾತ್ರೆ ತೊಳೆದು, ಹಾಸಿಗೆ ಮಡಚಿ, ಲಂಗರನ್ನೂ ಇಳಿಸುವ ಅಮ್ಮನಿಗೆ ವಿಸ್ತರಿಸುವ ಆಲೋಚನೆ ಗ್ರೀಕ್ ಸರ್ಕಾರಕ್ಕೆ ಇನ್ನೂ ಬಂದಿಲ್ಲ.

ನಮ್ಮ ದೋಣಿ ಅಷ್ಟು ದೂರ ಹೋಗುವುದೂ ಇಲ್ಲ. ಸೂನಿಯನ್ ಭೂಶಿರದ ಪೊಸೈಡನ್ ದೇವಾಲಯದ ಕೆಳಗೆ ಒಂದು ರಾತ್ರಿ. ಏಜಿಯಸ್ ಹಾರಿದ್ದು ಇಲ್ಲಿಂದಲೇ ಎಂದು ಅಪ್ಪ ಮಕ್ಕಳಿಗೆ ವಿವರಿಸುತ್ತಾನೆ, ಮಕ್ಕಳು ಆಸೆಯಿಂದ ಎತ್ತರ ಅಳೆಯುತ್ತಾರೆ. ಮರುದಿನ ಕಿತ್ನೋಸ್ ದ್ವೀಪದ ಲೂತ್ರಾ ತಲುಪುವಷ್ಟರಲ್ಲಿ ಮಗಳು ಎರಡು ಸಲ, ಮಗ ನಾಲ್ಕು ಸಲ ವಾಂತಿ. ದಿಗಂತ ನೋಡಿ, ದಿಗಂತ ನೋಡಿ ಎಂದು ಕ್ಯಾಪ್ಟನ್ನು ಅಪ್ಪಣೆ ಮಾಡುತ್ತಲೇ ಇದ್ದ. ವಾಂತಿ ನಿಂತದ್ದು ಅಜ್ಜಿ ಬಾಯಿಗೆ ಹಾಕಿದ ಶುಂಠಿಚೂರಿಗೆ. ಎಷ್ಟು ಹೇಳಿದರೂ ಅಪ್ಪ ಚುಕ್ಕಾಣಿಯನ್ನು ಅಮ್ಮನ ಕೈಗೆ ಕೊಡಲಿಲ್ಲ. ಹೋಮರನ ಒಡಿಸ್ಸಿಯಸ್ ಮಾಡಿದ್ದೂ ಇದನ್ನೇ. ವಾಯುಗಳ ಒಡೆಯ ಈಯೊಲಸ್ ಕೆಟ್ಟ ಗಾಳಿಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಕೊಟ್ಟಿದ್ದ. ಒಂಬತ್ತು ದಿನ ಯಾರ ಕೈಗೂ ಹಡಗು ಬಿಡದೆ ನಡೆಸಿದ ಈತ, ಹತ್ತನೆಯ ದಿನ ಊರಿನ ಬೆಂಕಿ-ಬೆಳಕು ಕಾಣುವಷ್ಟು ಹತ್ತಿರ ಬಂದಾಗ ನಿದ್ದೆಹೋದ. ಚೀಲದಲ್ಲೇನಿದೆ ಎಂದು ಜತೆಯವರಿಗೆ ಹೇಳಿರಲಿಲ್ಲ. ಚಿನ್ನವೇ ಇರಬೇಕೆಂದು ಅವರು ಬಿಚ್ಚಿದರು. ಮುಂದಿನದು ಮಹಾಕಾವ್ಯ. ಒಬ್ಬ ಗಂಡಸು ಎರಡು ತಾಸು ಚುಕ್ಕಾಣಿ ಬಿಟ್ಟು ಮಲಗಿದ್ದರೆ, ಇಲ್ಲ ಚೀಲದ ವಿಷಯ ಬಾಯಿಬಿಟ್ಟಿದ್ದರೆ, ಪಾಶ್ಚಾತ್ಯ ಸಾಹಿತ್ಯಕ್ಕೆ ಒಂದು ದೊಡ್ಡ ನಷ್ಟವಾಗುತ್ತಿತ್ತು, ಮನೆಯಲ್ಲಿ ಕಾದಿದ್ದ ಹೆಂಡತಿ ಪೆನೆಲೊಪೆಗೆ ದೊಡ್ಡ ಲಾಭ.

ಕಿತ್ನೋಸಿನಲ್ಲಿ ಗಾಳಿ ಅವರನ್ನು ಎರಡು ದಿನ ಕೂರಿಸಿತು. ಪಕ್ಕದ ದೋಣಿಯ ಗ್ರೀಕರು ಹವಾಮಾನ ನೋಡಿ, ಹೆಗಲು ಕುಣಿಸಿ, ಕಾಫಿ ತರಿಸಿದರು. ಅಪ್ಪ ಮಾತ್ರ ಅರ್ಧ ಗಂಟೆಗೊಮ್ಮೆ ಫೋನಿನ ಆ್ಯಪ್ ತೆರೆದು ಗಾಳಿಯ ಬಾಣಗಳನ್ನು ದಿಟ್ಟಿಸುತ್ತ, ಎಕ್ಸೆಲ್ ಹಾಳೆಯ ಒಂದೊಂದೇ ದ್ವೀಪವನ್ನು ಅಳಿಸುತ್ತ ಕೂತ. ಪಾರಸಿಕರ ದೊರೆ ಕ್ಸರ್ಕ್ಸಸ್ ತನ್ನ ಸೇತುವೆ ಮುರಿದ ಸಮುದ್ರಕ್ಕೆ ಮುನ್ನೂರು ಛಡಿಯೇಟು ಹೊಡೆಸಿದ್ದನಂತೆ. ಅಪ್ಪನ ಬಳಿ ಆಳುಗಳಿಲ್ಲದ್ದರಿಂದ ಏಟು ಮಕ್ಕಳ ಮೇಲಿನ ಕೂಗಾಟಕ್ಕೆ ಇಳಿಯಿತು. ಅಜ್ಜಿ ಮಾತ್ರ ಆ ಎರಡು ದಿನ ಕಾಣಲೇ ಇಲ್ಲ. ಲೂತ್ರಾ ಎಂದರೆ ಬಿಸಿನೀರಿನ ಬುಗ್ಗೆಗಳ ಊರು. ಆ ನೀರು ಹರಿದು ಕಡಲು ಸೇರುವಲ್ಲಿ ಕಲ್ಲು ಜೋಡಿಸಿ ಪುಟ್ಟ ಕೊಳ ಮಾಡಿದ್ದಾರೆ, ಕಾಸಿಲ್ಲ ಕರೀಮಣಿಯಿಲ್ಲ. ಊರಿನ ಮುದುಕಿಯರ ಜತೆ ಅಜ್ಜಿ ಮೊಣಕಾಲು ಮುಳುಗಿಸಿ ಕೂತರು. ಇವರು ಕನ್ನಡ, ಅವರು ಗ್ರೀಕು. ಮೊಣಕಾಲು, ಸೊಸೆ, ಬೆಲೆಯೇರಿಕೆ ಮೂರನ್ನೂ ಕೂಲಂಕಷ ಚರ್ಚಿಸಿದರು ಎಂದು ಮಗಳು ಸಾಕ್ಷಿ.

ಊಟದ ವಿಷಯದಲ್ಲೂ ಅಜ್ಜಿಯದೇ ಗೆಲುವು, ಒಂದು ಗಂಡಾಂತರ ದಾಟಿದ ಮೇಲೆ. ಸಸ್ಯಾಹಾರ ಎನ್ನಲು 'ಉಪವಾಸದ ಅಡುಗೆ' ಕೇಳಿ ಎಂದು ಯಾರೋ ಅಪ್ಪನಿಗೆ ಹೇಳಿಕೊಟ್ಟಿದ್ದರು. ಆರ್ಥಡಾಕ್ಸ್ ಚರ್ಚಿನ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ, ಬೆನ್ನುಮೂಳೆಯಿರುವ ಮೀನೂ ಇಲ್ಲ, ಸರಿಯೇ. ಆದರೆ ರಕ್ತವಿಲ್ಲದ ಜೀವಿ ಎಂಬ ಲೆಕ್ಕದಲ್ಲಿ ಆಕ್ಟೋಪಸ್ಸು, ಸಿಗಡಿ ಧಾರಾಳ. ಏಕಾದಶಿ ಮಾಡುವ ಹೆಂಗಸಿನ ಮುಂದೆ ಸುಟ್ಟ ಎಂಟುಕಾಲಿನ ಪ್ರಸಾದ ಬಂದಾಗ ಕ್ಯಾಪ್ಟನ್ನಿನ ಭಾಷಾಪಾಂಡಿತ್ಯಕ್ಕೆ ಪೂರ್ಣವಿರಾಮ ಬಿತ್ತು. ಅಮ್ಮ ಎದ್ದು ಸೀದಾ ಅಡುಗೆಮನೆಗೆ ನಡೆದು ಪಾತ್ರೆಗಳ ಮುಚ್ಚಳ ತೆಗೆದು ನೋಡಿ ಬೆರಳು ತೋರಿಸಿದಳು. ಬಂದದ್ದು ಫಾವಾ: ಬೇಳೆಯನ್ನು ಬೇಯಿಸಿ ನುಣ್ಣಗೆ ಮಸೆದು, ಆಲಿವ್ ಎಣ್ಣೆ ಸುರಿದು, ಮೇಲೆ ಹಸಿ ಈರುಳ್ಳಿ. ಅಜ್ಜಿ ಬೆರಳ ತುದಿಗೆ ಹಚ್ಚಿ ನೋಡಿ, "ತೊವ್ವೆ ಕಣೋ ಇದು! ಒಗ್ಗರಣೆ ಹಾಕೋದು ಮರೆತಿದ್ದಾರೆ, ಪಾಪ" ಎಂದರು. ಚಟ್ನಿಪುಡಿಯ ಡಬ್ಬಿ ಹೊರಬಂತು. ಹೋಟೆಲಿನವನೂ ಚಮಚ ಹಿಡಿದು ಬಂದ.

ದೋಣಿಯ ಬೆಂಚಿನಡಿ ಲೈಫ್ ಜಾಕೆಟ್ಟುಗಳಿರುತ್ತವೆ. ತೊಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವುದು ವಾಡಿಕೆ, 'ಸಾಹಸ' ಎಂಬ ಶೀರ್ಷಿಕೆಗೆ ಚೆನ್ನಾಗಿ ಒಪ್ಪುತ್ತದೆ. ಇದೇ ಏಜಿಯನ್ನಿನ ಪೂರ್ವದ ಅಂಚಿನಲ್ಲಿ, ಟರ್ಕಿಯ ಬೋಡ್ರಮ್ ತೀರಕ್ಕೂ ಗ್ರೀಸಿನ ಕೋಸ್ ದ್ವೀಪಕ್ಕೂ ನಡುವೆ, ಅತಿ ಹತ್ತಿರದಲ್ಲಿ ನಾಲ್ಕೈದು ಕಿಲೋಮೀಟರು ನೀರು. ಪಾಸ್‌ಪೋರ್ಟಿದ್ದರೆ ಟಿಕೆಟು ಕೊಂಡು ಕಾಫಿ ಹೀರುತ್ತ ದಾಟಬಹುದು. ಇಲ್ಲದವರು ಅದರ ಹತ್ತಾರು ಪಟ್ಟು ಕಳ್ಳಸಾಗಣೆಯವರಿಗೆ ಕೊಟ್ಟು, ರಾತ್ರಿ ಹೊತ್ತು, ರಬ್ಬರ್ ತೆಪ್ಪದಲ್ಲಿ ದಾಟಬೇಕು. 2015ರ ಒಂದೇ ವರ್ಷ ಎಂಟು ಲಕ್ಷಕ್ಕೂ ಹೆಚ್ಚು ಜನ ಸಮುದ್ರದ ಮೇಲೆ ಗ್ರೀಸಿಗೆ ಬಂದರು, ಬಹಳಷ್ಟು ಕುಟುಂಬಸಮೇತ. ಸೆಪ್ಟೆಂಬರ್ 2ರಂದು ಹಾಗೆ ಹೊರಟ ಒಂದು ಸಿರಿಯನ್ ಕುಟುಂಬದಲ್ಲಿ ಅಪ್ಪ ಉಳಿದ. ಹೆಂಡತಿ, ಇಬ್ಬರು ಗಂಡುಮಕ್ಕಳು ಮುಳುಗಿದರು. ಚಿಕ್ಕವನು ಅಲನ್ ಕುರ್ದಿ, ಆ ಫೋಟೋವನ್ನು ಲೋಕವೇ ನೋಡಿತು. ಮುಂದಿನ ಜನವರಿಯಲ್ಲಿ ಟರ್ಕಿಯ ಪೊಲೀಸರು ಇಜ್ಮಿರ್‌ನ ಒಂದು ಕಾರ್ಖಾನೆಯ ಮೇಲೆ ದಾಳಿ ಮಾಡಿದರೆ, ಈ ಜನಕ್ಕೆಂದೇ ಹೊಲಿದ ನಕಲಿ ಲೈಫ್ ಜಾಕೆಟ್ಟುಗಳು ಸಿಕ್ಕವು. ಒಳಗೆ ನೀರು ಹೀರುವ ಪ್ಯಾಕಿಂಗ್ ಸಾಮಗ್ರಿ. ಎರಡೂ ಬಗೆಯ ದೋಣಿಗಳು ಅದೇ ಮೆಲ್ಟೆಮಿಯಲ್ಲಿ ತೇಲುತ್ತವೆ. ಒಂದಕ್ಕೆ ಬಂದರಿನಲ್ಲಿ ಹಗ್ಗ ಹಿಡಿಯಲು ಜನ ಓಡಿ ಬರುತ್ತಾರೆ.

ಆ ಹಗ್ಗ ಹಿಡಿಸುವ ಘಟ್ಟವೇ ಈ ಇಡೀ ರಜೆಯ ಪರೀಕ್ಷೆ. ಮೆಡಿಟರೇನಿಯನ್ ಬಂದರುಗಳಲ್ಲಿ ದೋಣಿಯನ್ನು ಧಕ್ಕೆಗೆ ಉದ್ದುದ್ದಕ್ಕೆ ಕಟ್ಟುವುದಿಲ್ಲ. ಜಾಗ ಸಾಲದು. ಒಂದಷ್ಟು ದೂರದಲ್ಲಿ ಮುಂದಿನಿಂದ ಲಂಗರು ಬಿಟ್ಟು, ಸರಪಳಿ ಬಿಡುತ್ತ ಹಿಮ್ಮುಖ ಚಲಿಸಿ, ಎರಡು ದೋಣಿಗಳ ನಡುವಿನ ಸಂದಿಯಲ್ಲಿ ಹಿಂಭಾಗ ತೂರಿಸಿ, ಧಕ್ಕೆಗೆ ಹಗ್ಗ ಎಸೆಯಬೇಕು. ಗಾಳಿ ಅಡ್ಡಕ್ಕೆ ಬೀಸುತ್ತಿರಬೇಕು, ಅದು ನಿಯಮ. ಇದನ್ನು ಕಣ್ತುಂಬ ನೋಡಬೇಕಾದರೆ ಸಂಜೆ ಹೈಡ್ರಾ ದ್ವೀಪಕ್ಕೆ ಹೋಗಬೇಕು. ಕಾರು, ಸ್ಕೂಟರು ಇಲ್ಲದ ಊರು, ಸಾಮಾನು ಹೊರಲು ಹೇಸರಗತ್ತೆಗಳು. ಹಾಡುಗಾರ ಲೆನರ್ಡ್ ಕೋಹೆನ್ 1960ರಲ್ಲಿ ಮನೆ ಕೊಂಡು ನೆಲೆಸಿದ ದ್ವೀಪ. ಬಂದರು ಅರ್ಧಚಂದ್ರಾಕಾರ, ಅಂಗೈಯಗಲ. ಸುತ್ತ ಕಾಫಿ ಅಂಗಡಿಗಳು, ಕುರ್ಚಿಗಳೆಲ್ಲ ನೀರಿಗೆ ಮುಖಮಾಡಿ. ಅಪ್ಪಟ ಗ್ರೀಕ್ ರಂಗಮಂದಿರ. ಐದು ಗಂಟೆಯಿಂದ ಏಳರವರೆಗೆ ನಿತ್ಯ ಪ್ರದರ್ಶನ, ಪ್ರವೇಶದರ ಒಂದು ಫ್ರಾಪೆ ಕಾಫಿ.

ಗುರುವಾರ ಸಂಜೆ ನಮ್ಮ ದೋಣಿಯೂ ಅಲ್ಲಿಗೆ ಬಂತು. ಅಪ್ಪ ಚುಕ್ಕಾಣಿಯಲ್ಲಿ, ಹಿಂದಕ್ಕೆ ಕತ್ತು ಹೊರಳಿಸಿ. ಅಮ್ಮ ನಲವತ್ತು ಅಡಿ ಆಚೆ ಮುಂತುದಿಯಲ್ಲಿ, ಲಂಗರಿನ ಗುಂಡಿ ಹಿಡಿದು. ನಡುವೆ ಗಾಳಿ, ಎಂಜಿನ್ನಿನ ಸದ್ದು. "ಬಿಡು!" ಎನ್ನುತ್ತಾನೆ. "ಏನ್ರೀ?" "ಬಿಡೂ!" ಬಿಟ್ಟಳು. "ಇಷ್ಟು ಬೇಗ ಅಲ್ಲ!" ಅಕ್ಕಪಕ್ಕದ ದೋಣಿಗಳವರು ಊಟ ಬಿಟ್ಟೆದ್ದು, ಮುಗುಳ್ನಗೆಯ ಹಿಂದೆ ಪ್ರಾಣಭಯ ಅಡಗಿಸಿಕೊಂಡು, ತಮ್ಮ ದೋಣಿಯ ಬದಿಗೆ ಗಾಳಿ ತುಂಬಿದ ದಿಂಬುಗಳನ್ನು ಇಳಿಬಿಡುತ್ತಾರೆ. ಮುಂದಲೆ ಗಾಳಿಗೆ ಸರಿಯಲು ಶುರುವಾದಾಗ ಮಗಳು ಐದು ದಿನದಲ್ಲಿ ಮೊದಲ ಸಲ ಇಯರ್‌ಫೋನು ತೆಗೆದು, "ಅಪ್ಪ, ಗಾಳಿ ಎಡಗಡೆಯಿಂದ ತಳ್ತಿದೆ" ಅನ್ನುತ್ತಾಳೆ. ಎಡ ಅಲ್ಲ, ಪೋರ್ಟು ಎಂದು ಅಪ್ಪ ತಿದ್ದುತ್ತಾನೆ. ಹಿಮ್ಮುಖ ತಿರುಗಿ ನಿಂತವನ ಎಡ ದೋಣಿಯ ಬಲ, ಆದ್ದರಿಂದ ಅದು ಸ್ಟಾರ್‌ಬೋರ್ಡು ಎಂದು ಮತ್ತೆ ತಿದ್ದಿಕೊಳ್ಳುತ್ತಾನೆ. ವ್ಯಾಕರಣ ಇತ್ಯರ್ಥವಾಗುವಷ್ಟರಲ್ಲಿ ಜರ್ಮನ್ ದಂಪತಿಯ ದೋಣಿಗೆ ಢೀ. ಕಾಫಿ ಅಂಗಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಗ ಅಂದು ಪಕ್ಕದ ಮೀನುಗಾರನಿಂದ ಒಂದು ಗ್ರೀಕ್ ಪದ ಕಲಿತ. ಇಲ್ಲಿ ಅಚ್ಚು ಹಾಕುವಂತಿಲ್ಲ.

ಆ ಮೀನುಗಾರನೇ ಕೊನೆಗೆ ಧಕ್ಕೆಯಿಂದ ಕೈಸನ್ನೆಯಲ್ಲಿ ಅಮ್ಮನನ್ನು ಹಿಂದಕ್ಕೆ ಕರೆದ, ಅಪ್ಪನನ್ನು ಮುಂದಕ್ಕೆ ಕಳಿಸಿದ. ಅಮ್ಮ ಚುಕ್ಕಾಣಿ ಹಿಡಿದಳು. ಕಿರಿದಾದ ಗಲ್ಲಿಯಲ್ಲಿ ರಿವರ್ಸು ಹಾಕಿ ದಿನಾ ಮಕ್ಕಳನ್ನು ಶಾಲೆಗೆ ಬಿಡುವವಳು. ಒಂದೇ ಸಲಕ್ಕೆ ಒಳಗೆ. ಲಂಗರಿನ ಗುಂಡಿಯ ಬಳಿ ನಿಂತ ಕ್ಯಾಪ್ಟನ್ನು, ಸರಪಳಿ ಸಮರ್ಪಕವಾಗಿದೆ ಎಂದು ಯಾರೂ ಕೇಳದ ವರದಿ ಒಪ್ಪಿಸಿದ. ಮರುದಿನ ಬೆಳಿಗ್ಗೆ ಎತ್ತಿದಾಗ ಆ ಸರಪಳಿಯ ಮೇಲೆ ಇನ್ನೂ ಮೂವರ ಲಂಗರುಗಳು ಕೂತಿದ್ದವು. ಹೈಡ್ರಾದಲ್ಲಿ ಅದು ದಿನನಿತ್ಯದ ಉದಯರಾಗ.

ಶುಕ್ರವಾರ ಅಲಿಮೊಸ್‌ಗೆ ಮರಳಿದ ದಾರಿಯಲ್ಲಿ ಗಾಳಿಯೇ ಇರಲಿಲ್ಲ. ಡೀಸೆಲ್ ಎಂಜಿನ್ನು ಗುರುಗುಟ್ಟುತ್ತಿತ್ತು. ಫೋಟೋಗೆಂದು ಹತ್ತು ನಿಮಿಷ ಹಾಯಿ ಬಿಚ್ಚಿದರು, ಫೋಟೋ ಬಂತು, ಸುತ್ತಿಟ್ಟರು. ಇಂಧನದ ಸಾಲಿನಲ್ಲಿ ಒಂದು ತಾಸು. ಮುಳುಗುಗಾರನೊಬ್ಬ ಕನ್ನಡಕ ತೊಟ್ಟು ದೋಣಿಯ ತಳ ನೋಡಿ ಬಂದ. ಪಟ್ಟಿ ಹಿಡಿದ ಹುಡುಗ ಚಮಚಗಳನ್ನೂ ಎಣಿಸಿ, ಢೀ ಹೊಡೆದ ಗುರುತಿಗೂ ಕೊಕ್ಕೆಕೋಲೊಂದು ಕಡಲ ಪಾಲಾಗಿದ್ದಕ್ಕೂ ಠೇವಣಿಯಲ್ಲಿ ಮುರಿದುಕೊಂಡ. ಒಡಿಸ್ಸಿಯಸ್ ಹನ್ನೆರಡು ಹಡಗು ಕೊಂಡುಹೋಗಿ ಒಂದನ್ನೂ, ಒಬ್ಬ ನಾವಿಕನನ್ನೂ ವಾಪಸು ತಂದಿರಲಿಲ್ಲ ಎಂದು ಅಪ್ಪ ವಾದಿಸಿದ. ಹುಡುಗ ಒಡಿಸ್ಸಿಯಸ್‌ನ ಊರಾದ ಇಥಾಕಾದವನಲ್ಲ, ಪಿರೆಯಸ್‌ನವನು. ರಸೀದಿ ಹರಿದು ಕೊಟ್ಟ.

ಮುಂದಿನ ವರ್ಷಕ್ಕೆ ಈಗಲೇ ಕಾದಿರಿಸಿದರೆ ರಿಯಾಯಿತಿ ಎಂಬ ಇಮೇಲು ವಿಮಾನ ನಿಲ್ದಾಣದಲ್ಲೇ ಬಂತು. ಅರ್ಜಿಯಲ್ಲಿ ಕ್ಯಾಪ್ಟನ್ನಿನ ಹೆಸರು ಎಂಬಲ್ಲಿ ಅಮ್ಮ ತನ್ನ ಹೆಸರು ತುಂಬಿ, ಪರವಾನಗಿ ಸಂಖ್ಯೆಯ ಖಾನೆಯನ್ನು ಸದ್ಯಕ್ಕೆ ಖಾಲಿ ಬಿಟ್ಟಳು. ಅಪ್ಪ ಅದನ್ನು ನೋಡಿಯೂ ನೋಡದವನಂತೆ, ಚಾರ್ಜರಿನ ತಂತಿಯಲ್ಲಿ ಬೋಲೈನ್ ಗಂಟು ಹಾಕುವುದು ಹೇಗೆಂದು ಮಗನಿಗೆ ತೋರಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಮೈಸೂರಿನಲ್ಲಿರುವ ತಂಗಿಯ ಜತೆ ವಾಟ್ಸ್ಯಾಪ್ ಕರೆಯಲ್ಲಿದ್ದರು, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ: "ಚೆನ್ನಾಗಿತ್ತು ಕಣೇ. ಮೊಣಕಾಲು ಎಷ್ಟೋ ವಾಸಿ. ತೊವ್ವೆ ಮಾಡ್ತಾರೆ, ಒಗ್ಗರಣೆ ಗೊತ್ತಿಲ್ಲ ಅಷ್ಟೇ. ಇವನಾ? ಇವನಿಗೆ ಒಂದು ವಾರ ಏನೋ ಮೈಮೇಲೆ ಬಂದಂಗಿತ್ತಮ್ಮ, ಕೂಗಿದ್ದೇ ಕೂಗಿದ್ದು. ಇವತ್ತು ಬೆಳಿಗ್ಗೆಯಿಂದ ಇಳಿದಿದೆ. ಕಾಫಿ ತರ್ತೀಯೇನೋ ಅಂದೆ, ತರಕ್ಕೆ ಹೋಗಿದ್ದ."